ಬಿಟ್ಟ ಚಹದ ಲೆಕ್ಕ

ನಮ್ಮ ಹೈದರಾಬಾದಿನಲ್ಲಿ ಒಬ್ಬನು ಚಹ ಬಿಟ್ಟನೆಂದರೆ ಸ್ನೇಹಿತರು ಮೊದಲು ಕೇಳುವ ಮಾತು, “ಸಕ್ಕರೆ ಕಾಯಿಲೆಯೇ?” ಎಂಬುದು. ಅಲ್ಲವೆಂದರೆ, “ಹಾಗಾದರೆ ಹೊಟ್ಟೆಯಲ್ಲಿ ಉರಿಯೇ?” ಎನ್ನುತ್ತಾರೆ. ಅದೂ ಅಲ್ಲವೆಂದಾಗ, ಮನೆಯಲ್ಲಿ ಏನೋ ನಡೆದಿರಬೇಕೆಂದು ತಾವೇ ತೀರ್ಮಾನಿಸಿಕೊಂಡು, ಮುಖದ ಮೇಲೆ ಕನಿಕರವನ್ನು ತಂದುಕೊಂಡು ಸುಮ್ಮನಾಗುತ್ತಾರೆ. ನಾನು ಬಿಟ್ಟದ್ದಕ್ಕೆ ಈ ಮೂರೂ ಕಾರಣಗಳಲ್ಲ. ನಿಜವಾದ ಕಾರಣವನ್ನು ಕಚೇರಿಯಲ್ಲಿ ಯಾರಿಗೂ ಇದುವರೆಗೆ ಹೇಳಿಲ್ಲ. ಆದರೆ ನಮ್ಮ ಸಂಪಾದಕರು “ಏನಾದರೂ ಬರೆದುಕೊಡಿ” ಎಂದು ಎರಡು ಸಂಚಿಕೆಗಳಿಂದ ಬೆನ್ನು ಹತ್ತಿದ್ದಾರೆ. ಕಥೆ ಕವಿತೆಗಳು ನನ್ನ ಕೈಗೆ ಬರುವವಲ್ಲ. ನಮ್ಮವರ ಮುಂದೆ ಹೇಳಿಕೊಂಡರೆ ಅವಮಾನವೇನೂ ಇಲ್ಲವೆಂದು ಧೈರ್ಯ ಮಾಡಿ ಇದನ್ನು ಬರೆಯುತ್ತಿದ್ದೇನೆ.

ಇರಾನಿ ಚಹವೆಂದರೆ ಏನೆಂಬುದನ್ನು ಈ ಊರಿನ ವಾಚಕರಿಗೆ ವಿವರಿಸಬೇಕಾಗಿಲ್ಲ. ಆದರೆ ಈ ಪತ್ರಿಕೆ ಕಲಬುರ್ಗಿ, ರಾಯಚೂರುಗಳ ಬೀಗರ ಮನೆಗಳಿಗೂ ಹೋಗುತ್ತದೆ. ಅವರಿಗಾಗಿ ಎರಡು ಮಾತು. ಪರ್ಷಿಯಾ ದೇಶದಿಂದ ಹೊರಟು ಬೊಂಬಾಯಿ, ಪುಣೆಗಳ ಮಾರ್ಗವಾಗಿ ಇಲ್ಲಿಗೆ ಬಂದ ಇರಾನಿಗಳು ತಂದ ಪದ್ಧತಿ ಅದು. ಬಾಯಿ ಬಿಗಿದ ದೊಡ್ಡ ಪಾತ್ರೆಯಲ್ಲಿ ಚಹದ ಕಷಾಯವು ಸಣ್ಣ ಉರಿಯ ಮೇಲೆ ಬಹಳ ಹೊತ್ತು ಕುದಿಯುತ್ತಿರುತ್ತದೆ. ಪಕ್ಕದ ಪಾತ್ರೆಯಲ್ಲಿ ಹಾಲು ಬೇರೆಯಾಗಿಯೇ ಕಾದು ಕಾದು ದಪ್ಪಗಾಗಿರುತ್ತದೆ. ಗಿರಾಕಿಯು ಕುಳಿತ ಮೇಲೆಯೇ ಎರಡಕ್ಕೂ ಬಟ್ಟಲಿನಲ್ಲಿ ಲಗ್ನ. ಜೊತೆಗೆ ಉಪ್ಪೂ ಸಿಹಿಯೂ ಕೂಡಿದ ಉಸ್ಮಾನಿಯಾ ಬಿಸ್ಕತ್ತು. ಈ ಬಿಸ್ಕತ್ತನ್ನು ಮೊದಲು ಉಸ್ಮಾನಿಯಾ ಆಸ್ಪತ್ರೆಯ ರೋಗಿಗಳಿಗಾಗಿ ಮಾಡಿದರೆಂದು ಒಂದು ಕಥೆ. ನಿಜಾಮರ ನಾಲಗೆಗೆ ಹಿಡಿಸಿದ್ದರಿಂದ ಆ ಹೆಸರು ಬಂತೆಂದು ಇನ್ನೊಂದು ಕಥೆ. ಯಾವುದು ನಿಜವೋ! ರೋಗಿಗಳ ಕಥೆ ನನಗೆ ಮೊದಲಿನಿಂದಲೂ ಗೊತ್ತಿತ್ತು. ಆದರೆ ಹತ್ತು ವರ್ಷ ಬಿಸ್ಕತ್ತನ್ನು ಚಹದಲ್ಲಿ ಅದ್ದುವಾಗ ಒಂದು ದಿನವೂ ಅದು ನೆನಪಿಗೆ ಬಂದಿರಲಿಲ್ಲ.

ನಾನು ಸರ್ಕಾರಿ ಕಚೇರಿಯೊಂದರ ಗುಮಾಸ್ತ. ಬಿ.ಎ. ಮುಗಿಸಿ, ಪರೀಕ್ಷೆ ಬರೆದು, ಇಲ್ಲಿಗೆ ಬಂದು ಸೇರಿದವನು. ಮೂಲ ಲಿಂಗಸುಗೂರು ತಾಲ್ಲೂಕು. ಕುಡಿತವಿಲ್ಲ, ಎಲೆಯಡಿಕೆಯಿಲ್ಲ, ಸಿನಿಮಾ ವರ್ಷಕ್ಕೆ ಎರಡು. ಸಾಯಂಕಾಲ ಐದೂವರೆಗೆ ಕಡತವನ್ನು ಕಟ್ಟಿಟ್ಟು, ಒಂದು ಸರ್ಕಾರಿ ದೊಡ್ಡಾಸ್ಪತ್ರೆಯ ಎದುರಿಗಿರುವ ಇರಾನಿ ಹೋಟೆಲಿನಲ್ಲಿ ಕುಳಿತು ಎರಡು ಕಪ್ಪು ಚಹ, ಎರಡು ಬಿಸ್ಕತ್ತು, ಅರ್ಧ ಗಂಟೆಯ ಹರಟೆ — ಇಷ್ಟೇ ನನ್ನ ಭೋಗ. ಕಪ್ಪಿಗೆ ೨೦ ರೂಪಾಯಿ, ಬಿಸ್ಕತ್ತಿಗೆ ೫, ದಿನಕ್ಕೆ ೫೦. ತಿಂಗಳಿಗೆ ೨೪ ದಿನ ಹಿಡಿದರೆ ೧,೨೦೦. ಈ ಗುಣಾಕಾರವನ್ನು ಮಾಡಿದ್ದು ಮಾತ್ರ ಬಹಳ ತಡವಾಗಿ.

ಕಳೆದ ಶ್ರಾವಣದಲ್ಲಿ ಒಂದು ಸಂಜೆ ಎಂದಿನಂತೆ ಅಲ್ಲಿ ಕುಳಿತಿದ್ದೆನು. ಮನೆಯಿಂದ ಫೋನು ಬಂತು. ಕೊತ್ತಂಬರಿ, ಹಸಿಮೆಣಸಿನಕಾಯಿ ತರಬೇಕೆಂದು ಮನೆಯವಳು ಹೇಳಿದಳು. ಮೊನ್ನೆ ತಂದ ಕೊತ್ತಂಬರಿ ಎಲ್ಲಿ ಹೋಯಿತೆಂದು ನಾನು ಕೇಳಿದೆನು. ಎಲ್ಲವೂ ಅಪ್ಪಟ ಕನ್ನಡದಲ್ಲಿ, ನಾಲ್ಕು ಮೇಜುಗಳಿಗೆ ಕೇಳಿಸುವಷ್ಟು ಗಟ್ಟಿಯಾಗಿ. ಫೋನನ್ನು ಕೆಳಗಿಟ್ಟು ಬಟ್ಟಲನ್ನು ಎತ್ತುವಷ್ಟರಲ್ಲಿ ಬಾಗಿಲ ಬಳಿಯಿಂದ ಒಬ್ಬ ಹೆಣ್ಣುಮಗಳು ಬಂದು ಎದುರಿಗೆ ನಿಂತಳು. ನಲವತ್ತರ ಆಸುಪಾಸು. ಇಳಕಲ್ಲು ಸೀರೆ, ಕಂಕುಳಲ್ಲಿ ಕೈಚೀಲ, ಕೈಯಲ್ಲಿ ಒಂದು ಚೀಟಿ. ಸೆರಗಿನ ತುದಿಯಲ್ಲಿ ಆಗ ತಾನೇ ಕೊಂಡ ಒಂದು ಬನ್ನು.

“ಯಣ್ಣಾ, ನಿಮಗ ಕನ್ನಡ ಬರ್ತದಲ್ರಿ? ಈ ಚೀಟಿ ಒಂದೀಟು ಓದಿ ಹೇಳ್ರಿ.”

ವಾಚಕ ಮಹಾಶಯರೇ, ನಾನು ಏನೆಂದೆನು ಗೊತ್ತೇ? “ನೈ ಮಾಲೂಮ್” ಎಂದೆನು.

ಏಕೆ ಹಾಗೆಂದೆ? ಈಗ ಯೋಚಿಸಿದರೆ ಉತ್ತರ ಸುಲಭ. ಆಸ್ಪತ್ರೆಯ ಎದುರಿನ ಹೋಟೆಲಿನಲ್ಲಿ ಚೀಟಿ ಹಿಡಿದು ಬರುವವರು ಹಲವರು. ಮೊದಲು ಚೀಟಿ, ಆಮೇಲೆ ಕಥೆ, ಆಮೇಲೆ ಐವತ್ತೋ ನೂರೋ. ಇವಳೂ ದುಡ್ಡು ಕೇಳುವಳೆಂದು ನನ್ನ ಮನಸ್ಸು ಕ್ಷಣಾರ್ಧದಲ್ಲಿ ತೀರ್ಮಾನಿಸಿಬಿಟ್ಟಿತು. ನಾಲಗೆಯು ಮನಸ್ಸಿಗಿಂತಲೂ ಚುರುಕಾಗಿ ಓಡಿತು. ನಾನು ಕನ್ನಡ ಮಾತಾಡಿದ್ದನ್ನು ಅವಳು ಕಿವಿಯಾರೆ ಕೇಳಿದ್ದಳು. ಕೇಳಿದ್ದರಿಂದಲೇ ಬಂದಿದ್ದಳು. ಆದರೂ “ಇಲ್ಲ, ನೀವು ಮಾತಾಡಿದಿರಿ” ಎನ್ನಲಿಲ್ಲ. ಒಂದು ಗಳಿಗೆ ನನ್ನ ಮುಖವನ್ನು ನೋಡಿ, “ಆತ್ರಿ” ಎಂದು ಗಲ್ಲೆಯ ಕಡೆಗೆ ಹೋದಳು.

ಗಲ್ಲೆಯಲ್ಲಿ ಕೂಡುವ ಮುದುಕರು ಸಜ್ಜನರು. ಕನ್ನಡಕ ಹಾಕಿಕೊಂಡು ಇಂಗ್ಲಿಷಿನ ಚೀಟಿಯನ್ನು ಅಕ್ಷರ ಅಕ್ಷರ ಓದಿ, ತಮ್ಮ ದಖನಿ ಉರ್ದುವಿನಲ್ಲಿ ತಿಳಿಸಿದರು: ನಾಳೆ ಬೆಳಿಗ್ಗೆ ರೋಗಿಯನ್ನು ಪರೀಕ್ಷೆಗೆ ತರಬೇಕು, “ನಹಾರ್ ಮೂ ಆನಾ, ಸಮ್‌ಝೇ ಮಾ?” ನಹಾರ್ ಮೂ ಎಂದರೆ ಬರಿಹೊಟ್ಟೆ. ಅವಳು “ಹೂಂನ್ರಿ, ಹೂಂನ್ರಿ” ಎಂದು ತಲೆಯಾಡಿಸಿದಳು. ಅವಳಿಗೆ ತಿಳಿಯಲಿಲ್ಲವೆಂಬುದು ಅಷ್ಟು ದೂರದಲ್ಲಿ ಕುಳಿತ ನನಗೂ ತಿಳಿಯಿತು. ನಿಹಾರಿ ಎಂಬುದು ಈ ಊರಿನ ಬೆಳಗಿನ ತಿಂಡಿಯ ಹೆಸರು. ತಿಳಿಯದವರು ಆ ಮಾತನ್ನು ಕೇಳಿದರೆ ತಿಂದು ಬರಬೇಕೆಂದೇ ಅರ್ಥ ಮಾಡಿಕೊಂಡಾರು. ಸೆರಗಿನಲ್ಲಿದ್ದ ಆ ಬನ್ನು ಮುಂಜಾನೆಯ ಹೊಟ್ಟೆಗಾಗಿ ಇರಬಹುದು.

ಎದ್ದು ಹೋಗಿ “ತಂಗೀ, ಮುಂಜಾನೆ ಏನೂ ತಿನ್ನಿಸಬ್ಯಾಡ” ಎಂದು ನಾಲ್ಕು ಶಬ್ದ ಹೇಳಿದ್ದರೆ ಸಾಕಾಗಿತ್ತು. ಆದರೆ ಕನ್ನಡ ಬರುವುದಿಲ್ಲವೆಂದು ಈಗ ತಾನೇ ಹೇಳಿದವನು ಅದೇ ಬಾಯಿಂದ ಕನ್ನಡ ಆಡುವುದು ಹೇಗೆ? ಆ ನಾಚಿಕೆಯಿಂದ ಕುಳಿತಲ್ಲಿಯೇ ಕುಳಿತೆನು. ಅವಳು ರಸ್ತೆ ದಾಟಿ ಆಸ್ಪತ್ರೆಯ ಗೇಟಿನೊಳಗೆ ಹೋದಳು. ನಾನು ಎರಡನೆಯ ಕಪ್ಪನ್ನು ಕುಡಿದು, ಕೊತ್ತಂಬರಿ ಕೊಂಡುಕೊಂಡು ಮನೆಗೆ ಹೋದೆನು. ಮರುದಿನ ಆ ರೋಗಿಗೆ ಪರೀಕ್ಷೆಯಾಯಿತೋ, “ತಿಂದು ಬಂದಿದ್ದೀರಿ, ಇನ್ನೊಂದು ದಿನ ಬನ್ನಿ” ಎಂದು ಕಳುಹಿಸಿದರೋ, ನನಗೆ ಗೊತ್ತಿಲ್ಲ. ಮುಂದೆ ಗೊತ್ತಾಗುವ ಬಗೆಯೂ ಇಲ್ಲ.

ಆ ರಾತ್ರಿ ಮನೆಯವಳಿಗೆ ಎಲ್ಲವನ್ನೂ ಹೇಳಿದೆನು. ಅವಳು ಬೈಯಲಿಲ್ಲ, ಬೈದಿದ್ದರೆ ಮೇಲಾಗುತ್ತಿತ್ತು. “ಪಾಪ, ಯಾವ ಊರಿನಾಕಿನೋ” ಎಂದು ಮಾತ್ರ ಅಂದಳು. ಮರುದಿನದಿಂದ ಇರಾನಿ ಚಹ ಬಿಟ್ಟೆನೆಂದೂ, ಆ ಹಣವನ್ನು ರೋಗಿಗಳ ಧರ್ಮಕ್ಕೆ ಕೊಡುವೆನೆಂದೂ ಘೋಷಿಸಿದೆನು. ಅವಳು ನಕ್ಕಳೋ ಇಲ್ಲವೋ ಕತ್ತಲೆಯಲ್ಲಿ ಕಾಣಲಿಲ್ಲ.

ಚಹ ಬಿಡುವುದು ಹೇಳಿದಷ್ಟು ಹಗುರವಲ್ಲ. ಎರಡನೆಯ ದಿನಕ್ಕೆ ತಲೆನೋವು ಆರಂಭವಾಯಿತು. ನಿತ್ಯವೂ ಕುಡಿಯುವವನು ತಟ್ಟನೆ ನಿಲ್ಲಿಸಿದರೆ ಕೆಫೀನಿನ ಅಭಾವದಿಂದ ಹೀಗಾಗುವುದೆಂದೂ, ಒಂದು ವಾರದಲ್ಲಿ ತಾನೇ ಇಳಿಯುವುದೆಂದೂ ಓದಿದ್ದೆನು. ಆ ಒಂದು ವಾರದಲ್ಲಿ ಕಚೇರಿಯ ಇಬ್ಬರೊಡನೆ ಜಗಳವಾಡಿ, ಮಗನ ಲೆಕ್ಕದ ಪುಸ್ತಕವನ್ನು ಎಸೆದು, ಧರ್ಮಾತ್ಮನಾಗುವ ಮಾರ್ಗದಲ್ಲಿ ಮನೆಮಂದಿಗೆಲ್ಲ ಕಂಟಕನಾದೆನು. ಹತ್ತು ದಿನಗಳಲ್ಲಿ ನೋವು ಇಳಿಯಿತು. ನನಗೆ ಬಹಳ ಹೆಮ್ಮೆಯಾಯಿತು. ಹೆಮ್ಮೆಯನ್ನು ಇಳಿಸಿದವಳು ಮನೆಯವಳೇ. “ಏನ್ರೀ, ಕಚೇರಿಯ ಯಂತ್ರದ ಚಹ ದಿನಕ್ಕೆ ಎಷ್ಟು ಕುಡೀತೀರಿ?” ಎಂದು ಕೇಳಿದಳು. ಎಣಿಸಿ ನೋಡಿದರೆ ನಾಲ್ಕು! ಅದು ಪುಕ್ಕಟೆ; ಮೊದಲು ಎರಡು ಕುಡಿಯುತ್ತಿದ್ದೆನು. ಬಿಟ್ಟದ್ದನ್ನು ಹಿಂಬಾಗಿಲಿನಿಂದ ತಂದುಕೊಂಡಿದ್ದೆನು.

ಆಗ ನನಗೆ ನೆನಪಾದದ್ದು ಕೌಮುದಿಯ ಸಂಗತಿ. ೧೯೩೪ರ ಜನವರಿಯಲ್ಲಿ ಗಾಂಧೀಜಿಯವರು ಹರಿಜನ ನಿಧಿಗಾಗಿ ಮಲಬಾರಿನಲ್ಲಿ ಸಂಚರಿಸುತ್ತಿದ್ದರು. ಅದೇ ಸಂಚಾರದಲ್ಲಿ ನಮ್ಮ ಮೈಸೂರು, ಕೊಡಗು, ಮಂಗಳೂರುಗಳಿಗೂ ಬಂದರು. ಬಡಗರ ಎಂಬ ಊರಿನ ಸಭೆಯಲ್ಲಿ ಕೌಮುದಿ ಎಂಬ ಹದಿಹರೆಯದ ಹುಡುಗಿ ವೇದಿಕೆಗೆ ಬಂದು ಕೈಯ ಬಳೆ, ಕೊರಳ ಸರ, ಕಿವಿಯ ಓಲೆಗಳನ್ನು ಬಿಚ್ಚಿಕೊಟ್ಟಳು. ಗಾಂಧೀಜಿ ಸಂತೋಷದಿಂದ ಇಸಿದುಕೊಂಡು ಸುಮ್ಮನಾಗಲಿಲ್ಲ. ತಂದೆತಾಯಿಯರ ಒಪ್ಪಿಗೆಯಿದೆಯೇ ಎಂದು ವಿಚಾರಿಸಿದರು. ಕೊಟ್ಟುದರ ಬದಲಿಗೆ ಹೊಸ ಒಡವೆಯನ್ನು ಮಾಡಿಸಿಕೊಳ್ಳಬಾರದೆಂಬ ನಿಬಂಧನೆಯನ್ನೂ ಹಾಕಿದರು. ಹುಡುಗಿ ಒಪ್ಪಿದಳು. ಅವರು ತಮ್ಮ ‘ಹರಿಜನ’ ಪತ್ರಿಕೆಯಲ್ಲಿ ಈ ತ್ಯಾಗವನ್ನು ಕುರಿತು ಲೇಖನವನ್ನೇ ಬರೆದರು. ಕೌಮುದಿ ಮುಂದೆ ಹಿಂದಿ ಶಿಕ್ಷಕಿಯಾಗಿ ಬಾಳಿ, ೨೦೨೦ರಲ್ಲಿ ತೀರಿಕೊಂಡರು. ಒಂದೇ ದಿನದ ಸಭೆಯಲ್ಲಿ ಒಡವೆ ಕೊಟ್ಟವರು ಆ ಕಾಲದಲ್ಲಿ ಅನೇಕ ಮಂದಿ ಹೆಂಗಸರು. ನನ್ನನ್ನು ತಟ್ಟಿದ್ದು ಆ ನಿಬಂಧನೆ. ಬದಲಿ ಬಂತೆಂದರೆ ಅದು ತ್ಯಾಗವಲ್ಲ, ವಿನಿಮಯ. ಮರುದಿನದಿಂದ ಯಂತ್ರದ ಚಹವನ್ನೂ ಮೊದಲಿನ ಎರಡಕ್ಕೆ ಇಳಿಸಿದೆನು.

ಹಣದ ಕಥೆ ಇನ್ನೂ ಸ್ವಾರಸ್ಯವಾಗಿದೆ. ಮೊದಲನೆಯ ತಿಂಗಳ ಕೊನೆಗೆ ೧,೨೦೦ ರೂಪಾಯಿ ಉಳಿದಿರಬೇಕಲ್ಲವೇ? ಹುಡುಕಿದರೆ ಎಲ್ಲಿಯೂ ಇಲ್ಲ! ಹಿಂದಿನ ಕಾಲದಲ್ಲಾದರೆ ಜೇಬಿನಲ್ಲಿ ನಾಣ್ಯವಾದರೂ ಗಲಗಲ ಎನ್ನುತ್ತಿತ್ತು. ಈಗ ಎಲ್ಲವೂ ಫೋನಿನಿಂದ ಪಾವತಿ. ಖರ್ಚಾಗದ ಹಣಕ್ಕೆ ರೂಪವೇ ಇಲ್ಲ. ಅದು ಖಾತೆಯಲ್ಲಿಯೇ ಇದ್ದು, ಪೆಟ್ರೋಲಿಗೋ ಮಗನ ಬೂಟಿಗೋ ಸದ್ದಿಲ್ಲದೆ ಹರಿದುಹೋಗಿತ್ತು. ಸರ್ಕಾರಿ ಕಚೇರಿಯವರಿಗೆ ಇದು ಗೊತ್ತಿರಬೇಕಾದ ವಿಷಯ: ಖರ್ಚಾಗದ ಅನುದಾನವನ್ನು ಯಾರೂ ಉಳಿತಾಯವೆನ್ನುವುದಿಲ್ಲ; ಮಾರ್ಚ್ ೩೧ಕ್ಕೆ ಲ್ಯಾಪ್ಸ್ ಆಯಿತು ಎನ್ನುತ್ತಾರೆ.

ಇದನ್ನು ನಮ್ಮ ಅಜ್ಜಿ ಎಷ್ಟೋ ಹಿಂದೆಯೇ ಬಲ್ಲವಳಾಗಿದ್ದಳು. ನಮ್ಮ ಕಡೆಯ ಮನೆಗಳಲ್ಲಿ ಸೋಮವಾರ ಒಪ್ಪತ್ತು ಮಾಡುವುದು ಹಳೆಯ ರೂಢಿ. ೧೯೬೫ರಲ್ಲಿ ಯುದ್ಧವೂ ಅನ್ನದ ಅಭಾವವೂ ಕೂಡಿ ಬಂದಾಗ ಪ್ರಧಾನಮಂತ್ರಿ ಲಾಲ್ ಬಹಾದ್ದೂರ್ ಶಾಸ್ತ್ರಿಗಳು ವಾರಕ್ಕೆ ಒಂದು ಹೊತ್ತಿನ ಊಟ ಬಿಡಿರೆಂದು ದೇಶವನ್ನು ಕೇಳಿಕೊಂಡರು. ಸೋಮವಾರದ ಸಂಜೆ ಹಲವು ಊರುಗಳ ಹೋಟೆಲುಗಳು ಬಾಗಿಲು ಹಾಕಿದವು. ಆಗ ನಮ್ಮ ಅಜ್ಜಿಗೆ ಹೊಸದಾಗಿ ಬಿಡುವುದೇನೂ ಇರಲಿಲ್ಲ. ಆದರೆ ಒಂದು ಬದಲಾವಣೆ ಮಾಡಿದಳಂತೆ. ಅಲ್ಲಿಯವರೆಗೆ ಒಪ್ಪತ್ತಿನ ರಾತ್ರಿ ರೊಟ್ಟಿ ಬಿಟ್ಟು ಸಾಬೂದಾನಿ, ಶೇಂಗಾ, ಬಾಳೆಹಣ್ಣು, ಹಾಲು ಎಂದು ಫಲಾಹಾರ ನಡೆಯುತ್ತಿತ್ತು. ಲೆಕ್ಕ ಹಾಕಿದರೆ ಊಟಕ್ಕಿಂತ ಉಪವಾಸಕ್ಕೇ ಖರ್ಚು ಹೆಚ್ಚು! ಅಜ್ಜಿ ಅದನ್ನು ನಿಲ್ಲಿಸಿ, ಸೋಮವಾರ ಸಂಜೆ ಎಷ್ಟು ಮಂದಿ ಉಣ್ಣುವುದಿಲ್ಲವೋ ಅಷ್ಟು ಮಂದಿಯ ಜೋಳವನ್ನು ಸೇರಿನಲ್ಲಿ ಅಳೆದು ಬೇರೊಂದು ಗಡಿಗೆಯಲ್ಲಿ ಸುರಿದಳು. ತಿಂಗಳಿಗೊಮ್ಮೆ ಆ ಗಡಿಗೆ ಊರಿನ ಬಡವರ ಮನೆಗೆ ಹೋಗುತ್ತಿತ್ತು. ಶಾಸ್ತ್ರಿಗಳು ಹೋದರು, ಅಭಾವದ ಕಾಲವೂ ಹೋಯಿತು; ಗಡಿಗೆ ಮಾತ್ರ ನಾನು ಹುಡುಗನಾಗಿದ್ದಾಗಲೂ ಅಡುಗೆಮನೆಯ ಮೂಲೆಯಲ್ಲಿತ್ತು. ವಿನೋಬಾ ಅವರ ‘ಸರ್ವೋದಯ ಪಾತ್ರೆ’ಯೂ ಇದೇ ಜಾತಿಯದು: ಮನೆಯ ಮಗು ತನ್ನ ಕೈಯಿಂದ ದಿನಕ್ಕೊಂದು ಹಿಡಿ ಕಾಳು ಹಾಕಬೇಕೆಂಬ ಏರ್ಪಾಡು. ಹಿಡಿ ಸಣ್ಣದು, ಆದರೆ ದಿನವೂ ಕಣ್ಣಿಗೆ ಕಾಣುತ್ತದೆ.

ನಾನೂ ಒಂದು ಡಬ್ಬಿ ಮಾಡಿದೆನು. ತಿಂಗಳ ಒಂದನೆಯ ತಾರೀಖಿಗೆ ಬ್ಯಾಂಕಿನಿಂದ ೧,೨೦೦ ರೂಪಾಯಿಯನ್ನು ನೋಟಿನಲ್ಲಿಯೇ ತೆಗೆದು, ಮನೆಯವಳ ಎದುರಿಗೆ ಎಣಿಸಿ, ಹಳೆಯ ಹಾರ್ಲಿಕ್ಸ್ ಬಾಟಲಿಗೆ ಹಾಕುವುದು. ಒಂದು ನೋಟುಪುಸ್ತಕದಲ್ಲಿ ಜಮಾ, ಖರ್ಚು. ಗುಮಾಸ್ತನಿಗೆ ಲೆಡ್ಜರು ಇಲ್ಲದೆ ಪುಣ್ಯವೂ ಬರುವುದಿಲ್ಲ.

ಲೆಡ್ಜರಿನ ಮಾತು ಬಂದಾಗ ನಮ್ಮ ನಿಜಾಮರ ಚಿನ್ನದ ಕಥೆಯನ್ನು ಹೇಳಲೇಬೇಕು. ಅದೇ ೧೯೬೫ರಲ್ಲಿ ಮೀರ್ ಉಸ್ಮಾನ್ ಅಲಿ ಖಾನರು ರಕ್ಷಣಾ ನಿಧಿಗೆ ೫,೦೦೦ ಕಿಲೋ ಚಿನ್ನವನ್ನು ದಾನ ಕೊಟ್ಟರೆಂದು ಈ ಊರಿನ ಹೋಟೆಲುಗಳಲ್ಲಿ ಇಂದಿಗೂ ಆಣೆ ಮಾಡಿ ಹೇಳುವವರಿದ್ದಾರೆ. ಮಾಹಿತಿ ಹಕ್ಕಿನಲ್ಲಿ ಕೇಳಿದಾಗ ಅಂಥ ದಾನದ ದಾಖಲೆಯೇ ಸಿಗಲಿಲ್ಲ. ಅವರು ಹಾಕಿದ್ದು ೪೨೫ ಕಿಲೋ, ಅದೂ ಬಡ್ಡಿ ಬರುವ ಚಿನ್ನದ ಬಾಂಡುಗಳಲ್ಲಿ. ಅವರನ್ನು ಹಳಿಯುವುದು ನನ್ನ ಉದ್ದೇಶವಲ್ಲ. ವಿದ್ಯಾಸಂಸ್ಥೆಗಳಿಗೆ, ಆಸ್ಪತ್ರೆಗಳಿಗೆ ಅವರ ಕಾಲದಲ್ಲಿ ಸಂದದ್ದು ಸಣ್ಣದಲ್ಲ. ಸ್ವಂತ ಉಡುಗೆ ತೊಡುಗೆಗಳಲ್ಲಿಯೂ ಬಹಳ ಹಿಡಿತದ ಮನುಷ್ಯರಂತೆ. ಆದರೆ ಹೋಟೆಲಿನ ಮೇಜಿನ ಮೇಲೆ ೪೨೫ ಕಿಲೋ ೫,೦೦೦ವಾಗುವುದನ್ನೂ, ಬಾಂಡು ದಾನವಾಗುವುದನ್ನೂ ಕಂಡ ಮೇಲೆ, ನನ್ನ ೧,೨೦೦ವನ್ನು ಬರೆದಿಡುವುದೇ ಕ್ಷೇಮವೆನಿಸಿತು.

ನಾಲ್ಕು ತಿಂಗಳು ಆ ಹಣವನ್ನು ರೋಗಿಗಳಿಗೆ ಊಟ ಹಾಕುವ ಒಂದು ಸಂಸ್ಥೆಗೆ ಕಳುಹಿಸಿದೆನು. ರಸೀದಿ ಬಂತು. ಅದನ್ನು ನೋಟುಪುಸ್ತಕಕ್ಕೆ ಅಂಟಿಸಿದೆನು. ಎಲ್ಲವೂ ಸರಿಯಾಗಿತ್ತು. ಆದರೂ ಆ ಹೋಟೆಲಿನ ಮುಂದೆ ಬಸ್ಸು ಹಾದಾಗ ನಾನು ಇನ್ನೊಂದು ಕಡೆಯ ಕಿಟಕಿಯನ್ನು ನೋಡುತ್ತಿದ್ದೆನು.

ನಮ್ಮ ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದಿಂದ ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣಕ್ಕೆ ಹೋದ ಇಬ್ಬರು ದಂಪತಿಗಳ ಕಥೆ ನಿಮಗೆಲ್ಲ ಗೊತ್ತು. ಆಯ್ದಕ್ಕಿ ಮಾರಯ್ಯ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವವನು, ಅದರಿಂದಲೇ ದಾಸೋಹ. ಒಂದು ದಿನ ಹೆಚ್ಚು ಅಕ್ಕಿ ತಂದಾಗ, ಇಷ್ಟೇಕೆ, ಹೋಗಿ ಅಲ್ಲಿಯೇ ಸುರಿದು ಬಾ ಎಂದು ಹೆಂಡತಿ ಲಕ್ಕಮ್ಮ ಹಿಂದಕ್ಕೆ ಕಳುಹಿಸಿದಳು. ಬಾಲ್ಯದಿಂದ ಕೇಳಿದ ಕಥೆಯಾದರೂ “ಅಲ್ಲಿಯೇ” ಎಂಬ ಮಾತು ಒಂದು ರಾತ್ರಿ ಮನಸ್ಸಿಗೆ ನಾಟಿತು. ತಂದ ಅಕ್ಕಿಯನ್ನು ಬೇರೆ ಯಾರಿಗೋ ಕೊಟ್ಟುಬಿಡು ಎನ್ನಲಿಲ್ಲ ಆ ತಾಯಿ. ಎಲ್ಲಿಂದ ತೆಗೆದೆಯೋ ಅಲ್ಲಿ ಸುರಿ ಎಂದಳು. ಆ ಸಂಜೆ ಹೋಟೆಲಿನಲ್ಲಿ ನಾನು ಉಳಿಸಿಕೊಂಡದ್ದು ಏನನ್ನು? ದುಡ್ಡನ್ನಲ್ಲ, ಅವಳು ದುಡ್ಡು ಕೇಳಿಯೇ ಇರಲಿಲ್ಲ. ನಾಲ್ಕು ಶಬ್ದ ಕನ್ನಡವನ್ನು ಉಳಿಸಿಕೊಂಡೆನು. ನನ್ನ ಅರ್ಧ ಗಂಟೆಯನ್ನು ಉಳಿಸಿಕೊಂಡೆನು. ರಸೀದಿಗಳಲ್ಲಿ ಅವೆರಡೂ ಜಮಾ ಆಗಿರಲಿಲ್ಲ.

ಹೀಗೆಂದು ಮನೆಯವಳಿಗೆ ಹೇಳಿದಾಗ, “ಇದು ನನಗ ಅಂದೇ ಗೊತ್ತಿತ್ತು, ನಿಮಗ ತಲೆನೋವು ಇಳೀಲಿ ಅಂತ ಸುಮ್ಮನಿದ್ದೆ” ಎಂದಳು.

ಮಾಘಮಾಸದ ಒಂದು ಸೋಮವಾರ ಐದೂವರೆಗೆ ಆಸ್ಪತ್ರೆಯ ಗೇಟಿನ ಬಳಿ ಹೋಗಿ ನಿಂತೆನು. ನಿಂತ ಮೇಲೆ ಏನು ಮಾಡಬೇಕೆಂದು ತಿಳಿಯಲಿಲ್ಲ. “ಕನ್ನಡದವರು ಯಾರಾದರೂ ಇದ್ದೀರಾ?” ಎಂದು ಕೂಗುವುದಕ್ಕೆ ನಾಚಿಕೆ. ಹದಿನೈದು ನಿಮಿಷದೊಳಗೆ ಕಾವಲುಗಾರನು ಬಂದು, ನಾನು ರೋಗಿಗಳನ್ನು ಖಾಸಗಿ ಆಸ್ಪತ್ರೆಗೆ ಹಾರಿಸುವ ದಲಾಲಿಯಿರಬೇಕೆಂದು ಗದರಿಸಿದನು. ಗುರುತಿನ ಚೀಟಿ ತೋರಿಸಿ, ಹೀಗೆ ಹೀಗೆ ಎಂದು ವಿವರಿಸಿದೆನು. ಅವನಿಗೆ ನಂಬಿಕೆ ಬರಲಿಲ್ಲ. ಆದರೂ “ಅದೋ, ಆ ಮರದ ಕೆಳಗೆ ನಿಮ್ಮ ಭಾಷೆಯವರು ಇದ್ದಾರೆ, ಬೆಳಗಿನಿಂದ ಏನೋ ಕೇಳುತ್ತಿದ್ದಾರೆ, ನನಗೆ ಅರ್ಥವಾಗುತ್ತಿಲ್ಲ” ಎಂದು ತೋರಿಸಿದನು.

ಮರದ ಕೆಳಗೆ ಯಾದಗಿರಿಯ ಕಡೆಯ ತಾಯಿ, ಮಗ. ಅವರ ಪಕ್ಕದಲ್ಲಿ ಬೀದರ ಜಿಲ್ಲೆಯ ಮುದುಕರೊಬ್ಬರು. ಅವರ ಆಚೆ ಮಾನ್ವಿಯವರು. ನಾನು ಬೆರಗಾದೆನು. ಹತ್ತು ವರ್ಷ ಎದುರಿನ ಹೋಟೆಲಿನಲ್ಲಿ ಕುಳಿತವನಿಗೆ ಈ ಮರದ ಕೆಳಗೆ ಅರ್ಧ ಕರ್ನಾಟಕವೇ ಕುಳಿತಿದೆಯೆಂಬುದು ಗೊತ್ತಿರಲಿಲ್ಲ. ಯೋಚಿಸಿದರೆ ಆಶ್ಚರ್ಯಪಡಬೇಕಾದದ್ದೇನೂ ಇಲ್ಲ. ೧೯೫೬ರ ನವೆಂಬರ್ ೧ರವರೆಗೆ ಬೀದರ, ಗುಲಬರ್ಗಾ, ರಾಯಚೂರು ಜಿಲ್ಲೆಗಳಿಗೆ ಇದೇ ರಾಜಧಾನಿ. ಗಡಿ ಸರಿಯಿತು, ರೈಲು, ಬಸ್ಸುಗಳು ಸರಿಯಲಿಲ್ಲ. ಆ ಕಡೆಯ ಹಳ್ಳಿಗಳಲ್ಲಿ ದೊಡ್ಡ ಕಾಯಿಲೆಯೆಂದರೆ ಇಂದಿಗೂ ಎಷ್ಟೋ ಮಂದಿ ಬೆಂಗಳೂರಿನ ಹೆಸರು ಹೇಳುವುದಿಲ್ಲ. “ಹೈದ್ರಾಬಾದಿಗೆ ಒಯ್ರಿ” ಎನ್ನುತ್ತಾರೆ. ಇಲ್ಲಿಗೆ ಬಂದ ಮೇಲೆ ಫಲಕಗಳು ತೆಲುಗು, ಇಂಗ್ಲಿಷು, ಉರ್ದುಗಳಲ್ಲಿ, ಚೀಟಿಗಳು ಇಂಗ್ಲಿಷಿನಲ್ಲಿ.

ಈಗ ಸೋಮವಾರ, ಗುರುವಾರ ಸಂಜೆ ಅಲ್ಲಿಗೆ ಹೋಗುತ್ತೇನೆ, ಶನಿವಾರ ಸಾಧ್ಯವಾದರೆ. ಕೆಲಸ ದೊಡ್ಡದೇನಲ್ಲ. ಚೀಟಿ ಓದುವುದು: ಯಾವ ಕೋಣೆ, ಎಷ್ಟು ಗಂಟೆ, ಊಟಕ್ಕೆ ಮೊದಲೋ ಆಮೇಲೋ. ಗುಳಿಗೆಯ ಪೊಟ್ಟಣದ ಮೇಲೆ ಕನ್ನಡದಲ್ಲಿ “ಮುಂಜಾನೆ”, “ರಾತ್ರಿ” ಎಂದು ಬರೆಯುವುದು. ಓದಲು ಬಾರದವರಿಗೆ ಸೂರ್ಯ, ಚಂದ್ರರನ್ನು ಬಿಡಿಸುವುದು. “ಬರಿಹೊಟ್ಟೀಲೆ” ಎಂಬುದನ್ನು ಮಾತ್ರ ಮೂರು ಸಲ ಹೇಳಿ, ಮೂರು ಸಲ ಹೇಳಿಸುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ಆಗಲಿ.

ಡಬ್ಬಿಯ ಹಣವೂ ಈಗ ಅಲ್ಲಿಯೇ ಖರ್ಚಾಗುತ್ತದೆ. ನಗರಪಾಲಿಕೆಯವರು ೨೦೧೪ರಲ್ಲಿ ಆರಂಭಿಸಿದ ಐದು ರೂಪಾಯಿಯ ಊಟವಿದೆಯಷ್ಟೆ: ಅನ್ನ, ಬೇಳೆ, ಪಲ್ಯ, ಉಪ್ಪಿನಕಾಯಿ, ಉಳಿದ ಖರ್ಚನ್ನು ಅವರೇ ಹೊರುತ್ತಾರೆ. ನನ್ನ ಒಂದು ಕಪ್ಪು ಚಹದಲ್ಲಿ ಅಂಥ ನಾಲ್ಕು ಊಟ. ದಿನದ ಐವತ್ತರಲ್ಲಿ ಹತ್ತು. ಈ ಲೆಕ್ಕವನ್ನು ಮೊದಲ ಸಲ ಬರೆದಾಗ ಪೆನ್ನು ಸ್ವಲ್ಪ ಹೊತ್ತು ನಿಂತಿತು. ಆದರೆ ಊಟಕ್ಕೆಂದು ನನ್ನಿಂದ ದುಡ್ಡು ಇಸಿದುಕೊಂಡವರು ಕಡಿಮೆ. ಐದು ರೂಪಾಯಿಯನ್ನು ಹೆಚ್ಚಿನವರು ತಾವೇ ಕೊಡುತ್ತಾರೆ. ಎಲ್ಲಿ ಸಿಗುವುದೆಂದು ತೋರಿಸಿದರೆ ಸಾಕು. ಹೆಚ್ಚು ಹೋಗುವುದು ಬಸ್ಸಿನ ಚಾರ್ಜಿಗೆ, ರಾತ್ರಿ ರೋಗಿಯನ್ನು ಮಹಾತ್ಮಾ ಗಾಂಧಿ ಬಸ್ ನಿಲ್ದಾಣಕ್ಕೆ ಸಾಗಿಸುವ ಆಟೋಕ್ಕೆ. ಕೆಲವು ಸಲ ಮೋಸವೂ ಹೋಗಿದ್ದೇನೆ. ದೇವದುರ್ಗಕ್ಕೆ ಬಸ್ ಚಾರ್ಜು ಇಸಿದುಕೊಂಡವನೊಬ್ಬನು ಮುಂದಿನ ಗುರುವಾರ ಅದೇ ಜಾಗದಲ್ಲಿ ಇನ್ನೊಬ್ಬರಿಗೆ ಅದೇ ಕಥೆ ಹೇಳುತ್ತಿದ್ದನು. ೪೫೦ ರೂಪಾಯಿ. ಖರ್ಚಿನ ಕಡೆಗೆ “ಮೋಸ” ಎಂದೇ ಬರೆದೆನು.

ಆ ಇಳಕಲ್ಲು ಸೀರೆಯ ಹೆಣ್ಣುಮಗಳನ್ನು ಪ್ರತಿ ಸಲವೂ ಹುಡುಕುತ್ತೇನೆ. ಇಷ್ಟು ದಿನಗಳಾದ ಮೇಲೆ ಸಿಗುವುದು ಹೇಗೆ? ಸಿಕ್ಕರೂ ಮುಖವನ್ನು ಗುರುತಿಸುವೆನೆಂಬ ಭರವಸೆಯಿಲ್ಲ. ಅವಳು ನನ್ನನ್ನು ಗುರುತಿಸಿಯಾಳು.

ಹೋಟೆಲಿನ ಗೆಳೆಯರು ಮೊದಮೊದಲು ರಸ್ತೆಯ ಆ ಬದಿಯಿಂದ ಕೈ ಬೀಸುತ್ತಿದ್ದರು. ಅವರಲ್ಲೊಬ್ಬರು, ನಮ್ಮ ಸಂಘದ ಸದಸ್ಯರೇ, ಕಲಬುರ್ಗಿಯವರು, ಈಚೆಗೆ ತಮ್ಮ ಚಹ ಮುಗಿಸಿಕೊಂಡು ಕಾಲು ಗಂಟೆ ಬಂದು ನಿಲ್ಲುತ್ತಾರೆ. ಅವರು ಚಹ ಬಿಟ್ಟಿಲ್ಲ. ಬಿಡಿರೆಂದು ನಾನೂ ಹೇಳಿಲ್ಲ. ಚೀಟಿಯನ್ನು ನನಗಿಂತ ಚೆನ್ನಾಗಿ ಓದುತ್ತಾರೆ. ಡಾಕ್ಟರ ಕೈಬರಹವನ್ನು ಬಿಡಿಸುವುದರಲ್ಲಿ ಅವರದು ದೈವದತ್ತ ಪ್ರತಿಭೆ.

ಕಳೆದ ಗುರುವಾರ ಸಿಂಧನೂರಿನ ಕಡೆಯ ಮುದುಕರೊಬ್ಬರ ಮೊಮ್ಮಗಳ ಕಾಗದಗಳನ್ನು ಓದಿ, ಕೋಣೆಯನ್ನು ತೋರಿಸಿ, ತಿರುಗಿ ಬರುವಾಗ ಕತ್ತಲಾಗಿತ್ತು. ಮುದುಕರು ನನ್ನ ತೋಳು ಹಿಡಿದು ಗೇಟಿನ ಹೊರಗಿನ ಗಾಡಿಯ ಬಳಿಗೆ ಎಳೆದುಕೊಂಡು ಹೋದರು. ಧೋತರದ ಗಂಟು ಬಿಚ್ಚಿ ಒಂದು ಹತ್ತು ರೂಪಾಯಿಯ ನೋಟು ತೆಗೆದು ಚಹ ಹೇಳಿದರು. “ಬ್ಯಾಡ್ರಿ ಯಜಮಾನ್ರೇ, ನಾನು ಬಿಟ್ಟೇನಿ” ಎಂದೆನು. “ಚಾ ಬಿಡ್ತಾರೇನಪಾ ಯಾರರ? ನಮ್ಮ ಊರಾಗ ಆಗಿದ್ರ ಉಂಡು ಹೋಗು ಅಂತಿದ್ದೆ, ಇಲ್ಲಿ ಏನೈತಿ ನನ್ನ ಹತ್ತರ” ಎಂದರು. ಕಾಗದದ ಸಣ್ಣ ಲೋಟವನ್ನು ಎರಡೂ ಕೈಗಳಲ್ಲಿ ಹಿಡಿದು ನನ್ನ ಮುಂದೆ ಚಾಚಿದರು.

ಇಸಿದುಕೊಂಡು ಕುಡಿದೆನು. ಇರಾನಿ ಚಹವಲ್ಲ, ಶುಂಠಿ ಹಾಕಿ, ಸಕ್ಕರೆ ಸುರಿದು ಕುದಿಸಿದ್ದು. ಮನೆಗೆ ಹೋಗಿ ಹೇಳಿದಾಗ, ಇದನ್ನು ಪುಸ್ತಕದಲ್ಲಿ ಯಾವ ಕಡೆಗೆ ಬರೆಯುತ್ತೀರೆಂದು ಮನೆಯವಳು ಕೇಳಿದಳು. ಇನ್ನೂ ಬರೆದಿಲ್ಲ.